ಒಂಬತ್ತನೇ ಪ್ಯಾರಾದಿಂದ ಶುರು ಮಾಡಿ

ನಮಸ್ಕಾರ. ಬ್ರಿಟನ್‌ನ ಜೈಲು ಸಿಬ್ಬಂದಿಯ ಯೂನಿಯನ್, ಅಂದರೆ ಪಿಒಎ, ಯಾವ ಯಾವ ಕಾನೂನು ಬದಲಾಗಬೇಕು ಅಂತ ಕೇಳುತ್ತಿದೆ ಎಂದು ನೀವು ಬರೆದು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ನಿಜ ಹೇಳುತ್ತೇನೆ, ಮೊದಲ ಸಲ ಅರ್ಧಕ್ಕೇ ಬಿಟ್ಟಿದ್ದೆ. ಎರಡನೇ ಸಲ ಹಟ ಹಿಡಿದು ಓದಿದ್ದಕ್ಕೆ ಒಂಬತ್ತನೇ ಪ್ಯಾರಾ ಸಿಕ್ಕಿತು. ಅದು ಸಿಗದಿದ್ದರೆ ಈ ಉತ್ತರ ಎರಡು ಸಾಲಿನಲ್ಲಿ ಮುಗಿಯುತ್ತಿತ್ತು. ಈಗಿರುವ ರೂಪದಲ್ಲಿ ಲೇಖನ ಹಾಕುವುದಿಲ್ಲ, ತಿದ್ದಿ ಕಳಿಸಿದರೆ ಹಾಕುವ ಆಸೆ ಇದೆ.

'ಆಧುನಿಕ ಸಮಾಜದ ಅವಿಭಾಜ್ಯ ಅಂಗವಾಗಿರುವ ಕಾರಾಗೃಹ ವ್ಯವಸ್ಥೆಯಲ್ಲಿ ಕರ್ತವ್ಯ ನಿರ್ವಹಿಸುವ ಸಿಬ್ಬಂದಿಯ ಸಮಸ್ಯೆಗಳು ಬಹುಮುಖಿಯಾಗಿವೆ.' ಇದು ನಿಮ್ಮ ಮೊದಲ ವಾಕ್ಯ. ಇದರಲ್ಲಿ ಕಾರಾಗೃಹ ತೆಗೆದು ಅಂಚೆ ಅಂತ ಹಾಕಿ, ಸಾರಿಗೆ ಅಂತ ಹಾಕಿ, ಏನೂ ವ್ಯತ್ಯಾಸ ಆಗುವುದಿಲ್ಲ. ಇಂಥ ಪೀಠಿಕೆಯೇ ನಾಲ್ಕು ಪ್ಯಾರಾ ಇದೆ. ಆಮೇಲೆ ಬೇಡಿಕೆಗಳು ನಂಬರ್ ಹಾಕಿಕೊಂಡು ಸಾಲಾಗಿ ಬರುತ್ತವೆ, ಪಿಂಚಣಿ, ಹಲ್ಲೆಗೆ ಶಿಕ್ಷೆ, ಸಂಬಳ, ಸಿಬ್ಬಂದಿ ಕೊರತೆ. ಯೂನಿಯನ್ನಿನ ಕರಪತ್ರ ಓದಿದ ಹಾಗಾಯಿತು. ಕರಪತ್ರ ಬರೆಯೋಕೆ ಅವರೇ ಇದ್ದಾರಲ್ಲ, ನೀವ್ಯಾಕೆ?

ಈಗ ಒಂಬತ್ತನೇ ಪ್ಯಾರಾ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಜೈಲು ಸಿಬ್ಬಂದಿ ಮುಷ್ಕರ ಮಾಡುವ ಹಾಗಿಲ್ಲ ಅಂತ ಅಲ್ಲಿ ಸುಮ್ನೆ ಹಾಗೇ ಹೇಳಿ ಮುಂದೆ ಹೋಗಿದ್ದೀರಿ. ಅಲ್ಲ, ಇದನ್ನು ಅಷ್ಟು ಒಳಗೆ ಬಚ್ಚಿಟ್ಟಿದ್ದೇಕೆ? ಬೇರೆ ಯೂನಿಯನ್‌ಗಳು ಸಂಬಳ ಸಾಲದು ಅನ್ನಿಸಿದರೆ ಕೆಲಸ ನಿಲ್ಲಿಸುತ್ತೇವೆ ಅಂತ ಹೆದರಿಸಬಹುದು. ಇವರಿಗೆ ಆ ದಾರಿಯೇ ಇಲ್ಲ. ಅದಕ್ಕೇ ಪ್ರತಿಯೊಂದಕ್ಕೂ ಸಂಸದರ ಬೆನ್ನು ಹತ್ತುತ್ತಾರೆ, ಕಾನೂನು ತನ್ನಿ, ಕಾನೂನು ತಿದ್ದಿ ಅನ್ನುತ್ತಾರೆ. ಓದುಗರಿಗೆ ಮೊದಲೇ ಇದು ಗೊತ್ತಾದರೆ ಉಳಿದ ಬೇಡಿಕೆಗಳು ಪಟ್ಟಿಯ ಹಾಗೆ ಕಾಣುವುದಿಲ್ಲ.

ಆ ಪ್ಯಾರಾದಲ್ಲೂ ಒಂದು ತಪ್ಪಿದೆ. 'ಮುಷ್ಕರ ಮಾಡಿದರೆ ಜೈಲೇ ಗತಿ' ಅಂತ ಬರೆದಿದ್ದೀರಿ. ಕೇಳೋಕೆ ಮಜವಾಗಿದೆ, ಆದರೆ ಹಾಗಿಲ್ಲ. 1994ರ ಕ್ರಿಮಿನಲ್ ಜಸ್ಟಿಸ್ ಅಂಡ್ ಪಬ್ಲಿಕ್ ಆರ್ಡರ್ ಕಾಯ್ದೆಯ 127ನೇ ಸೆಕ್ಷನ್ ತಡೆಯುವುದು, ಕೆಲಸ ನಿಲ್ಲಿಸಿ ಅಂತ ಸಿಬ್ಬಂದಿಯನ್ನು ಹುರಿದುಂಬಿಸುವುದನ್ನು. ಕಾಯ್ದೆಯ ಹೆಸರಲ್ಲಿ ಕ್ರಿಮಿನಲ್ ಅಂತ ಇದ್ದರೂ ಈ ಸೆಕ್ಷನ್ ಸಿವಿಲ್ ಬಾಬತ್ತು. ಸರ್ಕಾರ ಹೈಕೋರ್ಟಿಗೆ ಹೋಗಿ ತಡೆಯಾಜ್ಞೆ ತರುತ್ತದೆ, ಅದನ್ನು ಮೀರಿದರೆ ನ್ಯಾಯಾಂಗ ನಿಂದನೆ. 2016ರ ನವೆಂಬರ್‌ನಲ್ಲಿ ಜೈಲುಗಳೊಳಗೆ ಹಿಂಸೆ ಜಾಸ್ತಿಯಾಗಿದೆ ಅಂತ ಸಾವಿರಾರು ಸಿಬ್ಬಂದಿ ಗೇಟಿನ ಹೊರಗೆ ನಿಂತರು. ಅದೇ ದಿನ ಕೋರ್ಟ್ ಆದೇಶ ಬಂತು, ವಾಪಸ್ ಒಳಗೆ ಹೋದರು. ಈ ಒಂದು ದಿನದ ಕಥೆ ನಿಮ್ಮ ನಾಲ್ಕು ಪ್ಯಾರಾ ಪೀಠಿಕೆಗಿಂತ ಜಾಸ್ತಿ ಹೇಳುತ್ತದೆ, ಅಲ್ವಾ?

ಇನ್ನೊಂದು ಭಾಗವನ್ನು ನೀವು ಬಿಟ್ಟೇ ಬಿಟ್ಟಿದ್ದೀರಿ. ಬೇಕಂತಲೇ ಬಿಟ್ಟಿರಾ ಅನ್ನುವ ಅನುಮಾನ ನನಗೆ. 2005ರಲ್ಲಿ ಈ ನಿಷೇಧವನ್ನು ಸಡಿಲಿಸಿದ್ದರು, ಬದಲಿಗೆ ಮುಷ್ಕರ ಮಾಡುವುದಿಲ್ಲ ಅನ್ನುವ ಒಪ್ಪಂದಕ್ಕೆ ಯೂನಿಯನ್ ಒಪ್ಪಿತ್ತು. 2007ರ ಆಗಸ್ಟ್‌ನಲ್ಲಿ ಸಂಬಳದ ಜಗಳಕ್ಕೆ ದಿಢೀರ್ ಮುಷ್ಕರ ಆಯಿತು, 2008ರಲ್ಲಿ ನಿಷೇಧ ಮತ್ತೆ ಬಂತು. ಯೂನಿಯನ್ ಬಗ್ಗೆ ನಿಮಗೆ ಪ್ರೀತಿ ಇರಲಿ, ಬೇಡ ಅನ್ನುವುದಿಲ್ಲ. ಆದರೆ ಇದನ್ನು ಮುಚ್ಚಿಟ್ಟು ಬರೆದರೆ, ಗೊತ್ತಿರುವ ಓದುಗರು ಅಲ್ಲಿಗೇ ಪುಟ ತಿರುಗಿಸುತ್ತಾರೆ. ಸ್ಕಾಟ್ಲೆಂಡ್‌ನ ಸಿಬ್ಬಂದಿಗೆ ಮುಷ್ಕರದ ಹಕ್ಕು ಇದೆ ಅನ್ನುವುದನ್ನೂ ಸೇರಿಸಿ. ನಿಮ್ಮ ವಾದಕ್ಕೆ ಅದೇ ದೊಡ್ಡ ಬಲ.

ಪಿಂಚಣಿ ಭಾಗದಲ್ಲಿ 'ವಯೋಸಹಜ ದೈಹಿಕ ಮಿತಿಗಳು' ಅಂತ ಬರೆದಿದ್ದೀರಿ. ಏನು ಹಾಗಂದರೆ? ತೋರಿಸಿ. ಸೊಂಟದ ಬೆಲ್ಟಿಗೆ ಚೈನು, ಚೈನಿಗೆ ಬೀಗದಕೈ. ಅಲಾರಂ ಹೊಡೆದುಕೊಳ್ಳುತ್ತದೆ. ಕಬ್ಬಿಣದ ಮೆಟ್ಟಿಲು ಹತ್ತಿ ಮೇಲಿನ ಲ್ಯಾಂಡಿಂಗ್‌ಗೆ ಓಡಬೇಕು, ಮಧ್ಯೆ ಗೇಟ್ ಬಂದರೆ ನಿಂತು ಬೀಗ ತೆಗೆದು, ದಾಟಿ, ಮತ್ತೆ ಬೀಗ ಹಾಕಿ ಓಡಬೇಕು. ಅಲ್ಲಿ ಹೊಡೆದಾಡುತ್ತಿರುವವನಿಗೆ ಇಪ್ಪತ್ತೆರಡು ವರ್ಷ. ಬಿಡಿಸೋಕೆ ಏದುಸಿರು ಬಿಡುತ್ತಾ ಬರುವವರಿಗೆ ಅರವತ್ತೇಳು. ಇಷ್ಟು ಬರೆದ ಮೇಲೆ ಕಾನೂನಿಗೆ ಬನ್ನಿ. ಸರ್ಕಾರಿ ನೌಕರರ ಪಿಂಚಣಿಯನ್ನು ಪರಿಶೀಲಿಸಿದ 2011ರ ಹಟನ್ ವರದಿ ಪೊಲೀಸರಿಗೆ, ಅಗ್ನಿಶಾಮಕದವರಿಗೆ, ಸೈನಿಕರಿಗೆ ಪಿಂಚಣಿ ವಯಸ್ಸು 60 ಇರಲಿ ಅಂದಿತು. ಜೈಲಿನವರು ಸಿವಿಲ್ ಸರ್ವಿಸ್ ಲೆಕ್ಕಕ್ಕೆ ಬರುವುದರಿಂದ ಆ ಗುಂಪಿಗೆ ಸೇರಲಿಲ್ಲ. ಅವರ ಪಿಂಚಣಿ ವಯಸ್ಸು ಸರ್ಕಾರಿ ವೃದ್ಧಾಪ್ಯ ಪಿಂಚಣಿಯ ವಯಸ್ಸಿಗೆ ಅಂಟಿಕೊಂಡಿತು, 1978ರ ಏಪ್ರಿಲ್ ನಂತರ ಹುಟ್ಟಿದವರಿಗೆ ಅದು 68. '68 ತೀರಾ ತಡ' ಅನ್ನುವ ಯೂನಿಯನ್ನಿನ ಘೋಷಣೆ ಹುಟ್ಟಿದ್ದು ಹೀಗೆ. ಇದನ್ನು 65ಕ್ಕೆ ಇಳಿಸುವ ಪ್ರಸ್ತಾಪ ಬಂದಾಗ ಸದಸ್ಯರೇ ವೋಟು ಹಾಕಿ ಬೇಡ ಅಂದಿದ್ದೂ ನಿಜ. ಅದನ್ನೂ ಬರೆಯಿರಿ.

ಹಲ್ಲೆಗೆ ಪ್ರತ್ಯೇಕ ಕಾನೂನು ಬೇಕು ಅಂತ ಬರೆದಿದ್ದೀರಿ. ಅದು ಬಂದಾಗಿದೆ. ತುರ್ತು ಸೇವೆಯವರ ಮೇಲಿನ ಹಲ್ಲೆಗೆ 2018ರಲ್ಲೇ ಕಾಯ್ದೆ ಆಯಿತು, ಜೈಲು ಸಿಬ್ಬಂದಿಯೂ ಅದರಲ್ಲಿದ್ದಾರೆ. ಗರಿಷ್ಠ ಶಿಕ್ಷೆ ಮೊದಲು 12 ತಿಂಗಳಿತ್ತು, 2022ರಲ್ಲಿ ಎರಡು ವರ್ಷ ಮಾಡಿದರು. ಹಾಗಿದ್ದ ಮೇಲೆ ನೀವು ಕೇಳಬೇಕಾದ ಪ್ರಶ್ನೆ ಬೇರೆ: ಈಗಾಗಲೇ ಇಪ್ಪತ್ತು ವರ್ಷದ ಶಿಕ್ಷೆ ಇರುವವನಿಗೆ ಇನ್ನೆರಡು ವರ್ಷ ಅಂದರೆ ಎಷ್ಟು ಭಯ ಆಗುತ್ತದೆ? ಹಾಗೇ, ಆ 'ಅಹಿತಕರ ಘಟನೆಗಳು' ಅನ್ನುವುದನ್ನು ದಯವಿಟ್ಟು ತೆಗೆಯಿರಿ. ಮಲಮೂತ್ರ ತುಂಬಿಟ್ಟುಕೊಂಡು ಮೈಮೇಲೆ ಎರಚುತ್ತಾರೆ. ಅಲ್ಲಿನ ಸಿಬ್ಬಂದಿ ಅದಕ್ಕೆ ಪಾಟಿಂಗ್ ಅನ್ನುತ್ತಾರೆ. ನೀವೂ ಹಾಗೇ ಬರೆಯಿರಿ, ಓದುಗರು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಸಂಬಳದ ಭಾಗ ಪರವಾಗಿಲ್ಲ, ಅರ್ಧ ಮಾಡಿ.

ಇಡೀ ಲೇಖನದಲ್ಲಿ ಒಬ್ಬ ಕೈದಿಯೂ ಇಲ್ಲ. ಸಿಬ್ಬಂದಿ ಹೊರಗೆ ನಿಂತ ದಿನ ಒಳಗಿರುವವರು ಸೆಲ್‌ನಲ್ಲೇ ಕೂರಬೇಕು, ಸ್ನಾನ ಇಲ್ಲ, ಮನೆಯವರ ಭೇಟಿ ಇಲ್ಲ. ಬಸ್ ನಿಂತರೆ ಆಟೋ ಹಿಡಿಯಬಹುದು, ಬೀಗ ಹಾಕಿದ ಕೋಣೆಯಲ್ಲಿರುವವರು ಎಲ್ಲಿಗೆ ಹೋಗುತ್ತಾರೆ? ನಿಷೇಧದ ಪರ ಇರುವವರ ಗಟ್ಟಿ ವಾದ ಇದೇ. ಇದಕ್ಕೆ ನಿಮ್ಮ ಉತ್ತರ ಏನು ಅಂತ ನನಗೂ ಕುತೂಹಲ ಇದೆ. ಉತ್ತರ ಇಲ್ಲದಿದ್ದರೆ ಇಲ್ಲ ಅಂತಲೇ ಬರೆಯಿರಿ, ನನ್ನದೇನೂ ತಕರಾರಿಲ್ಲ.

1,200 ಪದ ಸಾಕು, ಅವಸರ ಇಲ್ಲ. ಮೊದಲ ನಾಲ್ಕು ಪ್ಯಾರಾ ಬಿಟ್ಟು ಕಳಿಸಿ. ಕೊನೆಯಲ್ಲಿರುವ 'ಇನ್ನಾದರೂ ಸರ್ಕಾರ ಇತ್ತ ಗಮನ ಹರಿಸಲಿ' ಅನ್ನುವುದನ್ನೂ ಬಿಟ್ಟುಬಿಡಿ. ಬ್ರಿಟನ್ ಸರ್ಕಾರ ನಮ್ಮ ಪತ್ರಿಕೆ ತರಿಸುವುದಿಲ್ಲ.