ಸಂಘ ಸೇರುವ ಮೊದಲು ದೂರದರ್ಶಕ ಬೇಕೇ?

ಬೆಂಗಳೂರಿನ ಹವ್ಯಾಸಿ ಖಗೋಳ ಸಂಘವೊಂದನ್ನು ಸೇರಲು ಸ್ವಂತ ದೂರದರ್ಶಕ ಇರಬೇಕೇ, ವಾಣಿಜ್ಯ ಓದಿದವರಿಗೆ ಅಲ್ಲಿ ಜಾಗವಿದೆಯೇ ಎಂದು ತಾವು ಕೇಳಿದ್ದೀರಿ. ಎರಡನೆಯ ಶಂಕೆಯನ್ನು ಬಿಟ್ಟುಬಿಡಿ, ಕುತೂಹಲವೊಂದೇ ಸಾಕು. ಮೊದಲನೆಯದರ ಬಗ್ಗೆ ಹೇಳುವುದಾದರೆ, ದಯವಿಟ್ಟು ಈಗಲೇ ಹಣ ಹಾಕಬೇಡಿ. ಪೆಟ್ಟಿಗೆಯ ಮೇಲೆ ಅಚ್ಚಾದ ವರ್ಧನೆಯ ಅಂಕಿಗೆ ಮರುಳಾಗುವವರೇ ಹೆಚ್ಚು. ಆದರೆ ಉಪಕರಣದ ನಿಜವಾದ ಶಕ್ತಿ ಇರುವುದು ಬೆಳಕನ್ನು ಸಂಗ್ರಹಿಸುವ ಮಸೂರದ ಅಥವಾ ದರ್ಪಣದ ವ್ಯಾಸದಲ್ಲಿ. ಸಹಸದಸ್ಯರ 8 ಇಂಚು ವ್ಯಾಸದ ದರ್ಪಣವಿರುವ, ಸರಳ ಪೀಠದ ಮೇಲೆ ಕೂರಿಸಿದ ಡಾಬ್ಸೋನಿಯನ್ ಎಂಬ ದೂರದರ್ಶಕದ‌ನಲ್ಲಿ ಶನಿಯ ಬಳೆಗಳನ್ನು ನೋಡಿ, ಅದನ್ನು ಕಾರಿನಿಂದ ಇಳಿಸಲು ಒಮ್ಮೆ ಕೈಜೋಡಿಸಿದರೆ, ಅಷ್ಟು ಭಾರವನ್ನು ಪ್ರತಿ ಬಾರಿ ತಾರಸಿಗೆ ಹೊರುವ ಉತ್ಸಾಹ ತಮಗಿದೆಯೇ ಎಂಬುದೂ ತಿಳಿಯುತ್ತದೆ.

1976ರಲ್ಲಿ ಆರಂಭವಾದ ಅಸೋಸಿಯೇಷನ್ ಆಫ್ ಬ್ಯಾಂಗಲೋರ್ ಅಮೆಚೂರ್ ಅಸ್ಟ್ರಾನಮರ್ಸ್ ಸಂಘದವರು ಜವಾಹರಲಾಲ್ ನೆಹರು ತಾರಾಲಯದಲ್ಲಿ ಸೇರುತ್ತ ಬಂದಿದ್ದಾರೆ. ಅಲ್ಲಿಗೆ ಹೋಗಿ ವಿಚಾರಿಸುವುದು ಒಳ್ಳೆಯದು. ಮಳೆಗಾಲದಲ್ಲಿ ಸೇರಿದರೆ ಮೋಡಗಳನ್ನೇ ನೋಡಿ ಬೇಸರವಾದೀತು. ನವೆಂಬರ್‌ನಿಂದ ಫೆಬ್ರುವರಿವರೆಗಿನ ರಾತ್ರಿಗಳು ನಮ್ಮಲ್ಲಿ ಹೆಚ್ಚು ಅನುಕೂಲ.

ಊರಾಚೆಯ ವೀಕ್ಷಣೆಗಳನ್ನು ಸಾಮಾನ್ಯವಾಗಿ ಅಮಾವಾಸ್ಯೆಯ ಆಸುಪಾಸಿನಲ್ಲಿ ಇಟ್ಟುಕೊಳ್ಳುತ್ತಾರೆ. ಕತ್ತಲಿಗೆ ಕಣ್ಣು ಒಗ್ಗಲು ಇಪ್ಪತ್ತು–ಮೂವತ್ತು ನಿಮಿಷ ಬೇಕು, ಮೊಬೈಲಿನ ಒಂದು ಬೆಳಕು ಎಲ್ಲರಿಗೂ ಅದನ್ನು ಹಾಳುಮಾಡುತ್ತದೆ. ಆದ್ದರಿಂದ ಕೆಂಪು ಕಾಗದ ಸುತ್ತಿದ ಟಾರ್ಚ್ ಒಯ್ಯಿರಿ. (ಸೌಮ್ಯ ಸ್ವಭಾವದ ಹಿರಿಯ ಸದಸ್ಯರೂ ಗದರುವುದು ಈ ಒಂದು ವಿಷಯಕ್ಕೆ ಮಾತ್ರ.) ಏನಾದರೂ ಕೊಳ್ಳಲೇಬೇಕೆಂದಿದ್ದರೆ 10×50 ಬೈನಾಕ್ಯುಲರ್ (ಹತ್ತು ಪಟ್ಟು ವರ್ಧನೆ, 50 ಮಿ.ಮೀ. ವ್ಯಾಸದ ಮಸೂರಗಳು) ಕೊಳ್ಳಿ: ಕೃತ್ತಿಕೆಯ ಹತ್ತಾರು ತಾರೆಗಳೂ, ಕೈ ಅಲುಗದಂತೆ ಹಿಡಿದರೆ ಗುರುವಿನ ನಾಲ್ಕು ದೊಡ್ಡ ಉಪಗ್ರಹಗಳೂ ಅದರಲ್ಲೇ ಕಾಣುತ್ತವೆ.