ಹನ್ನೆರಡು ವರ್ಷಗಳ ಬಳಿಕ ಆನ್‌ಲೈನ್ ಸ್ನಾತಕೋತ್ತರ ಕೋರ್ಸಿಗೆ ಸೇರಿದ್ದೇನೆ; ಮೊದಲು ಸುಮ್ಮನೆ ಓದಿಕೊಂಡು, ಆಮೇಲೆ ಚರ್ಚೆಗಿಳಿದರೆ ಸಾಕೇ?

ಪದವಿ ಮುಗಿಸಿ ಹನ್ನೆರಡು ವರ್ಷಗಳಾಗಿವೆ, ಇನ್ನೆರಡು ವಾರಗಳಲ್ಲಿ ತರಗತಿಗಳು ಶುರುವಾಗುತ್ತವೆ, ಚರ್ಚಾವೇದಿಕೆಯಲ್ಲಿ ಪರಿಚಯ ಬರೆದುಕೊಂಡಿರುವ ಸಹಪಾಠಿಗಳೆಲ್ಲ ನನಗಿಂತ ಬಹಳ ಮುಂದಿದ್ದಾರೆ, ಆದ್ದರಿಂದ ಓದಿನ ರೂಢಿ ಮರಳಿ ಬರುವವರೆಗೆ ಕೆಲವು ತಿಂಗಳು ಮೌನವಾಗಿದ್ದು ಆಮೇಲೆ ಮಾತಾಡಿದರೆ ಆಗದೇ ಎಂದು ನೀವು ಕೇಳಿದ್ದೀರಿ. ಆಗುತ್ತದೆ, ಆದರೆ ಬಹಳ ದುಬಾರಿಯಾಗುತ್ತದೆ. ಹದಿನಾಲ್ಕು ವರ್ಷಗಳ ಅಂತರದ ನಂತರ ಶಿಕ್ಷಣಶಾಸ್ತ್ರದಲ್ಲಿ ಇಂಥದೇ ಕೋರ್ಸಿಗೆ ಸೇರಿ ಮುಗಿಸಿದವಳು ನಾನು, ಮತ್ತು ಮೊದಲ ಸೆಮಿಸ್ಟರ್ ಪೂರ್ತಿ ನಾನು ಮಾಡಿದ್ದು ನೀವು ಈಗ ಮಾಡಬೇಕೆಂದಿರುವುದನ್ನೇ.

ಏಳನೇ ವಾರದಲ್ಲಿ ಒಮ್ಮೆ ಧೈರ್ಯ ಮಾಡಿದ್ದೆ. ಚರ್ಚೆಯ ಪ್ರಶ್ನೆಗೆ ಉತ್ತರವೆಂದು ಸುಮಾರು ಆರುನೂರು ಪದಗಳ ಟಿಪ್ಪಣಿಯೊಂದನ್ನು ಬೇರೆ ಕಡತದಲ್ಲಿ ಬರೆದು, ಮೂರು ರಾತ್ರಿ ತಿದ್ದಿ, ನಾಲ್ಕನೆಯ ದಿನ ವೇದಿಕೆಯನ್ನು ತೆರೆದು ನೋಡಿದರೆ ಎಲ್ಲರೂ ಮುಂದಿನ ಘಟಕಕ್ಕೆ ಹೋಗಿಬಿಟ್ಟಿದ್ದರು. ಆ ಕಡತ ಈಗಲೂ ನನ್ನ ಕಂಪ್ಯೂಟರಿನಲ್ಲಿದೆ, ಅದನ್ನು ಯಾರೂ ಓದಿಲ್ಲ. ಎರಡನೇ ಸೆಮಿಸ್ಟರಿನ ಆರಂಭದಲ್ಲಿ, ತಿದ್ದುವಷ್ಟು ಪುರುಸೊತ್ತೂ ಇಲ್ಲದ ಒಂದು ರಾತ್ರಿ, ಎರಡೇ ಸಾಲು ಬರೆದು ಹಾಕಿದೆ: “ಪರೀಕ್ಷೆಯೊಂದಕ್ಕೆ ವಿಶ್ವಸನೀಯತೆ ಇದ್ದೂ ಸಪ್ರಮಾಣತೆ ಇಲ್ಲದಿರಬಹುದು ಎಂದು ಲೇಖಕರು ನಾಲ್ಕನೇ ಪುಟದಲ್ಲಿ ಹೇಳುತ್ತಾರೆ. ಹಾಗಿದ್ದರೆ ಇದರ ತಿರುವುಮುರುವೂ ಸಾಧ್ಯವೇ?” ಬೆಳಿಗ್ಗೆ ಎದ್ದು ನೋಡುವಷ್ಟರಲ್ಲಿ ಮೂರು ಉತ್ತರಗಳು ಬಂದಿದ್ದವು. ಒಬ್ಬರು “ಸಾಧ್ಯ” ಎಂದಿದ್ದರು. ಇನ್ನೊಬ್ಬರು ಅದನ್ನು ಅಲ್ಲಗಳೆದು, ಯಾವಾಗಲೂ ಎರಡು ಕಿಲೋ ಹೆಚ್ಚು ತೋರಿಸುವ ತಕ್ಕಡಿಯ ಉದಾಹರಣೆ ಕೊಟ್ಟಿದ್ದರು. ಅದು ಪ್ರತಿ ಸಲವೂ ಒಂದೇ ತೂಕ ತೋರಿಸುವುದರಿಂದ ವಿಶ್ವಸನೀಯ, ಆದರೆ ಆ ತೂಕ ನಿಜವಲ್ಲದ್ದರಿಂದ ಸಪ್ರಮಾಣವಲ್ಲ, ತೂಗಿದಾಗಲೆಲ್ಲ ಮನಬಂದಂತೆ ಒಂದೊಂದು ಅಂಕಿ ತೋರಿಸುವ ತಕ್ಕಡಿಯನ್ನಂತೂ ಸಪ್ರಮಾಣವೆನ್ನಲು ಬರುವುದೇ ಇಲ್ಲ ಎಂದು ವಿವರಿಸಿದ್ದರು. ಮೂರನೆಯವರು, ಪರಿಚಯದಲ್ಲಿ ತಮ್ಮ ಹದಿನೈದು ವರ್ಷಗಳ ಅನುಭವವನ್ನು ಬರೆದು ನನ್ನನ್ನು ನಡುಗಿಸಿದ್ದವರು, “ನನಗೂ ಇದೇ ಗೊಂದಲವಿತ್ತು, ಕೇಳಲು ಸಂಕೋಚವಾಗಿತ್ತು” ಎಂದಷ್ಟೇ ಬರೆದಿದ್ದರು. ಒಂದು ಸೆಮಿಸ್ಟರ್ ಕಾಲ ನಾನು ಯಾರಿಗೆ ಹೆದರಿ ಕೂತಿದ್ದೆನೋ ಅವರೂ ಹೆದರಿಯೇ ಕೂತಿದ್ದರು.

ಮೌನವೇ ತಪ್ಪೆಂದು ನಾನು ಹೇಳುತ್ತಿಲ್ಲ. ಜನರು ಕಸುಬುಗಳನ್ನು ಹೇಗೆ ಕಲಿಯುತ್ತಾರೆಂದು ಅಧ್ಯಯನ ಮಾಡಿದ ಜೀನ್ ಲೇವ್ ಮತ್ತು ಎಟಿಯೆನ್ ವೆಂಗರ್ 1991ರಲ್ಲಿ ಮಂಡಿಸಿದ ವಿಚಾರದ ಪ್ರಕಾರ, ಯಾವುದೇ ಕಸುಬಿನ ಸಮುದಾಯಕ್ಕೆ ಹೊಸಬರು ಅಂಚಿನಿಂದಲೇ ಒಳಬರುತ್ತಾರೆ, ಮತ್ತು ಅಂಚಿನಲ್ಲಿರುವುದು ನ್ಯಾಯವಾದದ್ದೇ. ಅವರು ಕೊಡುವ ಉದಾಹರಣೆಗಳಲ್ಲಿ ಲೈಬೀರಿಯಾದ ದರ್ಜಿಗಳು ಬರುತ್ತಾರೆ: ಅಲ್ಲಿ ಕಲಿಯಲು ಬಂದ ಹುಡುಗ ಮೊದಲ ದಿನವೇ ಬಟ್ಟೆ ಕತ್ತರಿಸುವುದಿಲ್ಲ, ಗುಂಡಿ ಹಾಕುವುದು, ಅಂಚು ಮಡಿಸಿ ಹೊಲಿಯುವುದು ಮುಂತಾದ ಕೊನೆಯ ಹಂತದ ಕೆಲಸಗಳಿಂದ ಶುರುಮಾಡಿ, ಹಿಮ್ಮುಖವಾಗಿ ಹೊಲಿಗೆಗೂ, ಅಲ್ಲಿಂದ ಕತ್ತರಿಗೂ ಬರುತ್ತಾನೆ. ತಪ್ಪಿದರೆ ಹೆಚ್ಚು ನಷ್ಟವಾಗದ ಕೆಲಸಗಳು ಮೊದಲು, ಬಟ್ಟೆಯೇ ಹಾಳಾಗುವ ಕೆಲಸ ಕೊನೆಗೆ. ಗಮನಿಸಬೇಕಾದದ್ದೇನೆಂದರೆ, ಅಂಚಿನಲ್ಲಿರುವ ಆ ಹುಡುಗನ ಕೈಗೆ ಕೆಲಸವಿದೆ; ನನ್ನ ಕೈಗೆ ಇರಲಿಲ್ಲ. ನಾನು ಮೊದಲ ಯತ್ನದಲ್ಲೇ ಕತ್ತರಿ ಹಿಡಿಯಹೋಗಿ, ಧೈರ್ಯ ಸಾಲದೆ, ಗುಂಡಿಯನ್ನೂ ಹಾಕದೆ ಎದ್ದುಬಂದಿದ್ದೆ.

ಆನ್‌ಲೈನ್ ತರಗತಿಯಲ್ಲಿಯೂ ಗುಂಡಿ ಹಾಕುವ ಕೆಲಸಗಳು ಬೇಕಾದಷ್ಟಿವೆ. ನೇರಪ್ರಸಾರದ ತರಗತಿಯಲ್ಲಿ ಕೇಳಿದ್ದನ್ನು ಬರಲಾಗದವರಿಗಾಗಿ ಐದು ಸಾಲುಗಳಲ್ಲಿ ಬರೆದು ಹಾಕಬಹುದು, ತೆರೆಯದ ಕೊಂಡಿಗೆ ಬದಲಿ ಕೊಂಡಿ ಹುಡುಕಿಕೊಡಬಹುದು, ಮತ್ತೊಬ್ಬರ ಟಿಪ್ಪಣಿಗೆ “ಇದು ಯಾವ ಪುಟದಲ್ಲಿದೆ?” ಎಂದು ಕೇಳಬಹುದು. ಈ ಕೊನೆಯದನ್ನು ಕ್ಷುಲ್ಲಕವೆಂದು ಭಾವಿಸಬೇಡಿ. ಆ ಪ್ರಶ್ನೆ ಕೇಳಿಸಿಕೊಂಡವರು ಪುಸ್ತಕಕ್ಕೆ ಮರಳುತ್ತಾರೆ, ಎಷ್ಟೋ ಸಲ ತಾವು ಹೇಳಿದ್ದು ಅಲ್ಲಿ ಇಲ್ಲವೆಂದು ಕಂಡುಕೊಳ್ಳುತ್ತಾರೆ, ನಿಜವಾದ ಚರ್ಚೆ ಅಲ್ಲಿಂದ ಶುರುವಾಗುತ್ತದೆ.

ಓದಿನ ರೂಢಿಯ ಬಗ್ಗೆ ನಿಮಗಿರುವ ಆತಂಕ ಸಹಜವಾದದ್ದೇ. ಮೊದಲ ವಾರದ ಇಪ್ಪತ್ತೆರಡು ಪುಟಗಳ ಲೇಖನ ನನಗೆ ಕಬ್ಬಿಣದ ಕಡಲೆಯಾಗಿತ್ತು. ಒಂದು ಇಡೀ ಸಂಜೆ, ಪ್ರತಿ ಪುಟದಲ್ಲಿ ಅರ್ಧದಷ್ಟು ಸಾಲುಗಳಿಗೆ ಹಳದಿ ಬಳಿದು ಮುಗಿಸಿದರೂ, ಮರುದಿನ ಅದು ಯಾವುದರ ಬಗ್ಗೆ ಎಂದು ಕೇಳಿದ್ದರೆ ಶೀರ್ಷಿಕೆಯ ಆಚೆಗೆ ಹೇಳಲು ಏನೂ ಇರಲಿಲ್ಲ. ಸಂಶೋಧನಾ ಲೇಖನವನ್ನು ಕಾದಂಬರಿಯಂತೆ ಮೊದಲಿನಿಂದ ಕೊನೆಯವರೆಗೆ ಓದಬೇಕಾಗಿಲ್ಲವೆಂಬುದು ತಿಳಿದದ್ದು ತಡವಾಗಿ. ಸಾರಾಂಶ, ಪೀಠಿಕೆ, ಉಪಸಂಹಾರ ಇಷ್ಟನ್ನು ಮೊದಲು ಓದಿ, ಲೇಖಕರು ಏನನ್ನು ಸಾಧಿಸಹೊರಟಿದ್ದಾರೆಂದು ಒಂದು ವಾಕ್ಯದಲ್ಲಿ ಬರೆದುಕೊಂಡು, ಅದನ್ನು ಸಾಧಿಸಿದರೇ ಎಂದು ನೋಡಲಿಕ್ಕಾಗಿ ಮಾತ್ರ ನಡುವಿನ ಭಾಗಕ್ಕೆ ಹೋಗಿ. ಹಳದಿ ಬಳಿಯುವುದನ್ನು ಬಿಟ್ಟುಬಿಡಿ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷಗಳ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು, ಆದರೆ ಒಂದು ವಾರದ ಬಳಿಕ ನಡೆಸಿದ ಪರೀಕ್ಷೆಯಲ್ಲಿ, ಓದಿದ್ದನ್ನು ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರೇ ಹೆಚ್ಚು ನೆನಪಿಟ್ಟಿದ್ದರು. ಪುಸ್ತಕ ಮುಚ್ಚಿ ನೆನಪಿನಿಂದ ಬರೆದ ಆ ಐದಾರು ಸಾಲುಗಳನ್ನೇ ವೇದಿಕೆಗೆ ಹಾಕಿದರೆ, ರೂಢಿ ಬರುವವರೆಗೆ ಮೌನವಾಗಿರಬೇಕೆಂಬ ನಿಮ್ಮ ಲೆಕ್ಕಾಚಾರಕ್ಕೆ ಆಧಾರವೇ ಉಳಿಯುವುದಿಲ್ಲ, ಏಕೆಂದರೆ ರೂಢಿ ಬರುವುದೇ ಆ ಬರವಣಿಗೆಯಿಂದ.

ಉಲ್ಲೇಖಗಳನ್ನು ಮೊದಲ ದಿನದಿಂದಲೇ ಝೊಟೆರೊದಂಥ ಉಚಿತ ತಂತ್ರಾಂಶದಲ್ಲಿ ಸೇರಿಸುತ್ತಾ ಹೋಗಿ. ಅಸೈನ್‌ಮೆಂಟ್ ಸಲ್ಲಿಸುವ ರಾತ್ರಿ ಪುಟಸಂಖ್ಯೆ ಹುಡುಕುವ ಕೆಲಸ ಹನುಮಂತನ ಬಾಲದ ಹಾಗೆ ಬೆಳೆಯುತ್ತದೆ.

ಇನ್ನು ವಾಟ್ಸಾಪ್ ಗುಂಪು. ಯಾರಾದರೂ ಒಬ್ಬರು ಅದನ್ನು ರಚಿಸಿಯೇ ತೀರುತ್ತಾರೆ. ಸೇರಿಕೊಳ್ಳಿ, ಸದ್ದು ಆರಿಸಿಡಿ. ಗಡುವಿನ ಹಿಂದಿನ ದಿನ ಅಲ್ಲಿ ಹರಿಯುವ ಆತಂಕ ಸಾಂಕ್ರಾಮಿಕವಾದದ್ದು; “ಇನ್ನೂ ಏನೂ ಓದಿಲ್ಲ” ಎಂದು ಅಲ್ಲಿ ಬರೆಯುತ್ತಿದ್ದವರೇ ನಮ್ಮ ತಂಡದಲ್ಲಿ ಅತಿ ಹೆಚ್ಚು ಅಂಕ ಪಡೆದರೆಂಬುದನ್ನು ಕೊಂಚ ಅಸೂಯೆಯಿಂದಲೇ ದಾಖಲಿಸುತ್ತೇನೆ. ಪಠ್ಯದ ಪ್ರಶ್ನೆಯನ್ನು ಮಾತ್ರ ಅಲ್ಲಿ ಕೇಳಬೇಡಿ. ಒಳ್ಳೆಯ ಉತ್ತರ ಬಂದರೂ ಮರುದಿನದ ನೂರು ಸಂದೇಶಗಳಡಿ ಅದು ಹೂತುಹೋಗುತ್ತದೆ, ಮತ್ತು ಅಧ್ಯಾಪಕರ ಕಣ್ಣಿಗೆ ಬೀಳದ ತಪ್ಪು ಉತ್ತರ ಹಾಗೆಯೇ ನಿಂತುಬಿಡುತ್ತದೆ.

ನನ್ನನ್ನು ಕೊನೆಯವರೆಗೂ ಹಿಡಿದು ನಿಲ್ಲಿಸಿದ್ದು ಮೂವರ ಒಂದು ಚಿಕ್ಕ ಗುಂಪು. ವಾರಕ್ಕೊಮ್ಮೆ ನಲವತ್ತು ನಿಮಿಷ ವಿಡಿಯೊ ಕರೆಯಲ್ಲಿ ಸೇರುತ್ತಿದ್ದೆವು. ಪ್ರತಿಯೊಬ್ಬರೂ ಒಂದು ಪರಿಕಲ್ಪನೆಯನ್ನು ಟಿಪ್ಪಣಿ ನೋಡದೆ ವಿವರಿಸಬೇಕು, ಉಳಿದಿಬ್ಬರು ಅಡ್ಡಪ್ರಶ್ನೆ ಹಾಕಬೇಕು, ಇಷ್ಟೇ ನಿಯಮ. ಮೊದಮೊದಲು ಹರಟೆಯಲ್ಲೇ ಅರ್ಧ ಸಮಯ ಹೋಗುತ್ತಿತ್ತು, ಅದನ್ನು ವ್ಯರ್ಥವೆಂದು ನಾನೀಗ ಹೇಳಲಾರೆ. ಗ್ಯಾರಿಸನ್, ಆಂಡರ್ಸನ್ ಮತ್ತು ಆರ್ಚರ್ ಎಂಬ ವಿದ್ವಾಂಸರು 2000ದಲ್ಲಿ ರೂಪಿಸಿದ ಮಾದರಿಯಲ್ಲಿ, ಆನ್‌ಲೈನ್ ಕಲಿಕೆಗೆ ವೈಚಾರಿಕ (ಕೂಡಿ ಯೋಚಿಸಿ ಅರ್ಥಮಾಡಿಕೊಳ್ಳುವುದು), ಸಾಮಾಜಿಕ (ಒಬ್ಬರಿಗೊಬ್ಬರು ನಿಜವಾದ ಮನುಷ್ಯರಾಗಿ ಕಾಣುವುದು) ಮತ್ತು ಬೋಧನಾ (ಪಾಠವನ್ನು ರೂಪಿಸಿ ದಾರಿ ತೋರಿಸುವುದು) ಉಪಸ್ಥಿತಿಗಳೆಂಬ ಮೂರೂ ಬೇಕು. ಎದುರಿಗಿರುವವರು ಮನುಷ್ಯರೆಂಬ ಭರವಸೆ ಹುಟ್ಟಿದ ಮೇಲೆಯೇ “ನೀವು ಹೇಳಿದ್ದು ನನಗೆ ಒಪ್ಪಿಗೆಯಿಲ್ಲ” ಎಂಬ ಮಾತು ಹೊರಡುತ್ತದೆ. ಹಾಗೆಂದು ಹರಟೆಯಷ್ಟೇ ಉಳಿದ ಗುಂಪುಗಳನ್ನೂ ನೋಡಿದ್ದೇನೆ.

ಗುಂಪು ಅಸೈನ್‌ಮೆಂಟುಗಳ ಬಗ್ಗೆ ಒಂದೇ ಎಚ್ಚರಿಕೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಸ್ಥಿತಿ ಬರುವುದು ಬಹುತೇಕ ಖಚಿತ. ನಮ್ಮಲ್ಲಿ ಒಬ್ಬರು ಮೂರನೇ ವಾರದಿಂದ ಕಾಣೆಯಾದರು, ಅವರ ಪಾಲಿನ ಭಾಗವನ್ನು ನಾನು ಗೊಣಗುತ್ತಾ ಬರೆದು ಮುಗಿಸಿದೆ, ಅಧ್ಯಾಪಕರಿಗೆ ತಿಳಿಸಲಿಲ್ಲ. ತಿಳಿಸಬೇಕಿತ್ತು, ಆ ವ್ಯಕ್ತಿ ಅನಾರೋಗ್ಯದಿಂದ ಬಳಲುತ್ತಿದ್ದರೆಂದೂ, ಹೇಳಿದ್ದರೆ ಇಡೀ ಗುಂಪಿಗೆ ಹೆಚ್ಚಿನ ಸಮಯ ಸಿಗುತ್ತಿತ್ತೆಂದೂ ಆಮೇಲೆ ಗೊತ್ತಾಯಿತು.

ಉಳಿದಿರುವ ಎರಡು ವಾರಗಳಲ್ಲಿ ಪಠ್ಯವನ್ನು ಮುಂಚಿತವಾಗಿ ಓದಿ ಮುಗಿಸುವ ಹಟಕ್ಕೆ ಬೀಳಬೇಡಿ. ಅಂಕಗಳನ್ನು ಹೇಗೆ ಹಂಚಿದ್ದಾರೆಂಬ ಪುಟವನ್ನು ಓದಿ, ಗಡುವುಗಳನ್ನು ಕ್ಯಾಲೆಂಡರಿಗೆ ಹಾಕಿ, ನಾಲ್ಕು ಸಾಲಿನ ಪರಿಚಯ ಬರೆದು ಇಂದೇ ಪ್ರಕಟಿಸಿ. ಕೊನೆಯ ಸಾಲಿನಲ್ಲಿ ಈ ಕೋರ್ಸಿನಲ್ಲಿ ನಿಮಗೆ ಯಾವುದರ ಭಯವಿದೆಯೆಂದು ನೇರವಾಗಿ ಹೇಳಿ. ಅದಕ್ಕೆ ಉತ್ತರಿಸುವ ಇಬ್ಬರು ಮೂವರೇ ಮುಂದೆ ನಿಮ್ಮ ವಾರದ ಗುಂಪಾಗುವ ಸಾಧ್ಯತೆ ಹೆಚ್ಚು. ನಿಮ್ಮ ವಿಷಯ ಯಾವುದೆಂದು ಬರೆದಿಲ್ಲ. ಅದು ಗಣಿತವೋ ಸಂಖ್ಯಾಶಾಸ್ತ್ರವೋ ಆಗಿದ್ದರೆ ಲೇಖನ ಓದುವ ಬಗ್ಗೆ ನಾನು ಹೇಳಿದ್ದು ಅಷ್ಟಾಗಿ ಹೊಂದುವುದಿಲ್ಲ, ಅಲ್ಲಿ ಪ್ರತಿ ಹೆಜ್ಜೆಯನ್ನೂ ಕೈಯಿಂದ ಬರೆದು ಬಿಡಿಸಿಯೇ ಮುಂದೆ ಹೋಗಬೇಕಾಗುತ್ತದೆ. ಆದರೆ ಎಲ್ಲಿ ಸಿಕ್ಕಿಬಿದ್ದಿರೋ ಆ ಹೆಜ್ಜೆಯ ಚಿತ್ರ ತೆಗೆದು ವೇದಿಕೆಗೆ ಹಾಕುವುದು ಅಲ್ಲಿಯೂ ನಡೆಯುತ್ತದೆ.