ತಡೆಗೋಡೆಯ ಎತ್ತರವನ್ನು ಯಂತ್ರ ಹೇಳಬಲ್ಲದೇ?

ಪ್ರಶ್ನೆ: ರಾಸಾಯನಿಕ ಕ್ರಿಯೆಯ ಸಕ್ರಿಯಣ ಶಕ್ತಿಯನ್ನು ಯಂತ್ರಕಲಿಕೆಯಿಂದ ಅಂದಾಜು ಮಾಡುತ್ತಾರಂತೆ. ಅದನ್ನು ಎಷ್ಟು ನಂಬಬಹುದು?
– ಒಬ್ಬ ಎಂ.ಎಸ್ಸಿ. ವಿದ್ಯಾರ್ಥಿನಿ

ಉತ್ತರ: ಒಂದು ಕಣಿವೆಯಿಂದ ಇನ್ನೊಂದಕ್ಕೆ ಹೋಗಲು ಘಾಟಿಯನ್ನು ಹತ್ತಿ ಇಳಿಯಬೇಕಾದಂತೆ, ಅಣುಗಳು ಉತ್ಪನ್ನಗಳಾಗಲು ಸಂಕ್ರಮಣ ಸ್ಥಿತಿಯನ್ನು, ಅಂದರೆ ಆ ದಾರಿಯಲ್ಲಿ ಶಕ್ತಿ ಅತಿ ಹೆಚ್ಚಿರುವ ಸ್ಥಿತಿಯನ್ನು, ದಾಟಬೇಕು. ಅದಕ್ಕೆ ಹತ್ತಬೇಕಾದ ಎತ್ತರವೇ ಸಕ್ರಿಯಣ ಶಕ್ತಿ, ಅಂದರೆ ತಡೆಗೋಡೆ. ಆ ಘಾಟಿಯ ನೆತ್ತಿಯನ್ನು ಕ್ವಾಂಟಮ್ ಲೆಕ್ಕಾಚಾರದಿಂದ ಹುಡುಕುವುದು ಬಹಳ ದುಬಾರಿ. ಒಂದೊಂದು ಕ್ರಿಯೆಗೂ ನೂರಾರು ಲೆಕ್ಕಗಳು ಬೇಕಾಗಬಹುದು. ಆದ್ದರಿಂದ ಈಗಾಗಲೇ ಲೆಕ್ಕಹಾಕಿದ ಕ್ರಿಯೆಗಳಿಂದ ಕಲಿತ ಕಂಪ್ಯೂಟರ್ ಮಾದರಿಯು ಹೊಸ ಕ್ರಿಯೆಯ ತಡೆಗೋಡೆಯನ್ನು ಕ್ಷಣಗಳಲ್ಲಿ ಅಂದಾಜಿಸುವುದು ನಿಜಕ್ಕೂ ದೊಡ್ಡ ಅನುಕೂಲ.

ಆದರೆ ಕ್ರಿಯೆಯ ವೇಗವು ತಡೆಗೋಡೆಯನ್ನು ಘಾತೀಯವಾಗಿ ಅವಲಂಬಿಸಿರುವುದರಿಂದ, ಕೋಣೆಯ ತಾಪದಲ್ಲಿ ಪ್ರತಿ ಮೋಲ್‌ಗೆ ಸುಮಾರು 1.4 ಕಿಲೋಕ್ಯಾಲರಿ ತಪ್ಪಿದರೂ ವೇಗದ ಅಂದಾಜು ಹತ್ತು ಪಟ್ಟು ತಪ್ಪುತ್ತದೆ. ಅಲ್ಲದೆ ಮಾದರಿಯ ಅರಿವು ಅದು ಕಲಿತ ದತ್ತಾಂಶದ ಗಡಿಯೊಳಗಿನದು. 2020ರಲ್ಲಿ ಪ್ರಕಟವಾದ, ಸುಮಾರು 12,000 ಕ್ರಿಯೆಗಳ ಪ್ರಸಿದ್ಧ ಸಂಗ್ರಹದಲ್ಲಿರುವುದು ಇಂಗಾಲ, ಸಾರಜನಕ, ಆಮ್ಲಜನಕಗಳ ಏಳು ಪರಮಾಣುಗಳನ್ನು ಮೀರದ, ಜಲಜನಕವೂ ಸೇರಿದ ಅನಿಲಸ್ಥಿತಿಯ ಸಣ್ಣ ಅಣುಗಳು. ಅದರಿಂದ ಕಲಿತ ಮಾದರಿಯನ್ನು ದ್ರಾವಕದಲ್ಲಿ ನಡೆಯುವ ಪಲ್ಲೇಡಿಯಂ ವೇಗವರ್ಧಿತ ಕ್ರಿಯೆಗೆ ಅನ್ವಯಿಸುವುದು ಸರಿಯಲ್ಲ. ಸಮತೋಲನ ರಚನೆಗಳನ್ನಷ್ಟೇ, ಅಂದರೆ ಕಣಿವೆಯ ತಳದ ಸ್ಥಿರ ರೂಪಗಳನ್ನಷ್ಟೇ, ಕಂಡ ಮಾದರಿಗೆ, ಬಂಧಗಳು ಅರ್ಧ ಮುರಿದ ಸ್ಥಿತಿಯ ಪರಿಚಯವೇ ಇರುವುದಿಲ್ಲ.

ನನ್ನ ಸಲಹೆಯೆಂದರೆ, ಸಾವಿರ ಸಾಧ್ಯತೆಗಳನ್ನು ಹತ್ತಕ್ಕೆ ಇಳಿಸುವ ಜರಡಿಯಾಗಿ ಅದನ್ನು ಬಳಸಿ. ಉಳಿದ ಹತ್ತಕ್ಕೆ ಸಂಕ್ರಮಣ ಸ್ಥಿತಿಯನ್ನು ನೀವೇ ಲೆಕ್ಕಹಾಕಿ, ಅಲ್ಲಿ ಒಂದೇ ಒಂದು ಕಾಲ್ಪನಿಕ ಕಂಪನಾಂಕವಿದೆಯೇ (ಅಂದರೆ ಆ ಬಿಂದು ಒಂದೇ ದಿಕ್ಕಿನಲ್ಲಿ ನೆತ್ತಿಯಾಗಿದೆಯೇ) ಎಂದು ತಪ್ಪದೆ ಪರೀಕ್ಷಿಸಿ.